ಗುಳುಮುಳುಕ ನೌಕೆಯ ಹತ್ತು ದಿನಗಳು ಮತ್ತು ಮುನಿಗಂಗಪ್ಪನವರ ಷರಾ

ಕಳೆದ ವರ್ಷ, ಅಂದರೆ ೨೦೨೪ರ ನವೆಂಬರ್ ೨೫ರ ಸೋಮವಾರ, ನಮ್ಮ ಜಿಲ್ಲೆಗೆ ಬರುವ ದಿನಪತ್ರಿಕೆಯೊಂದರ ಐದನೆಯ ಪುಟದಲ್ಲಿ ಈ ವರದಿ ಪ್ರಕಟವಾಯಿತು: "ಶಿಡ್ಲಘಟ್ಟ: ಬ್ರಿಟಿಷ್ ಯುದ್ಧನೌಕೆಯ ನಿವೃತ್ತ ಕ್ಯಾಪ್ಟನ್ ಡಾ. ಮುನಿಗಂಗಪ್ಪ ಅವರನ್ನು ರಾಜ್ಯೋತ್ಸವದ ಅಂಗವಾಗಿ ಭಾನುವಾರ ಸನ್ಮಾನಿಸಲಾಯಿತು. ಸನ್ಮಾನ ಸ್ವೀಕರಿಸಿ ಮಾತನಾಡಿದ ಅವರು, ನಂದಿ ಬೆಟ್ಟದ ಮುತ್ತಿಗೆಯಲ್ಲಿ ತಮ್ಮ ನೌಕೆ ವಹಿಸಿದ ಪಾತ್ರವನ್ನು ನೆನೆದು ಭಾವುಕರಾದರು."

ಸದರಿ ನೌಕೆ ನೀರಿಗಿಳಿದದ್ದು ೧೭೭೬ರಲ್ಲಿ. ಗುಜರಿಗೆ ಬಿದ್ದದ್ದು ೧೭೯೭ರಲ್ಲಿ. ಅದಕ್ಕೆ ಇವರು ಕ್ಯಾಪ್ಟನ್ ಆಗಿದ್ದರೆ ಇವರ ವಯಸ್ಸು ಇನ್ನೂರ ಐವತ್ತರ ಆಸುಪಾಸಿನಲ್ಲಿರಬೇಕು. ಪಿಂಚಣಿ ಪುಸ್ತಕದ ಪ್ರಕಾರ ಎಪ್ಪತ್ತಮೂರು. ವರದಿಗಾರ ಮಹಾಶಯರಿಗೆ ಈ ಸಣ್ಣ ವ್ಯತ್ಯಾಸ ಹೊಳೆಯಲಿಲ್ಲ. ನಾನು ಸಂಪಾದಕರಿಗೆ ಮೂರು ತಿದ್ದುಪಡಿ ಪತ್ರಗಳನ್ನು ಬರೆದೆ. ಮೂರನೆಯದಕ್ಕೆ ಕಚೇರಿಯಿಂದ ಯಾರೋ ದೂರವಾಣಿ ಮಾಡಿ ಸ್ಥಳಾವಕಾಶವಿಲ್ಲವೆಂದು ತಿಳಿಸಿದರು. ತಪ್ಪಿಗೆ ಸ್ಥಳವಿತ್ತು, ತಿದ್ದುಪಡಿಗೆ ಇರಲಿಲ್ಲ. ಆದ್ದರಿಂದ ನಮ್ಮ ನಿವೃತ್ತ ನೌಕರರ ಸಂಘದ ವಾರ್ಷಿಕ ಸಂಚಿಕೆಯಲ್ಲಿ, ನಡೆದದ್ದನ್ನು ನಡೆದಂತೆ ದಾಖಲಿಸುತ್ತಿದ್ದೇನೆ.

ಶ್ರೀ ಮುನಿಗಂಗಪ್ಪನವರು ಜನಿಸಿದ್ದು ೧೯೫೧ರ ಜೂನ್ ೭ರಂದು, ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯೊಂದರ ಹೊರಗೇರಿಯಲ್ಲಿ. ಇದು ಶಾಲೆಯ ದಾಖಲೆ. ಅವರ ತಾಯಿ ಹೇಳುತ್ತಿದ್ದ ಪ್ರಕಾರ ಮಗ ಹುಟ್ಟಿದ್ದು ಅವರೆಕಾಯಿ ಕಾಲದಲ್ಲಿ, ಅಂದರೆ ಡಿಸೆಂಬರ್ ಹೊತ್ತಿಗೆ. ಆದರೆ ಆ ವರ್ಷ ಶಾಲೆಗೆ ಸೇರಿದ ಇಪ್ಪತ್ತೆರಡು ಮಕ್ಕಳೂ ಜೂನ್ ತಿಂಗಳಲ್ಲೇ ಹುಟ್ಟಿದರೆಂದು ಮೇಷ್ಟ್ರು ಒಂದೇ ಕೂತಲ್ಲಿ ಬರೆದು ಮುಗಿಸಿದ್ದರು. ಒಂದೇ ಕೂತಲ್ಲಿ ಬರೆಯುವ ಈ ಪದ್ಧತಿಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಹಲವು ಸಲ ಭೇಟಿಯಾಗಲಿದೆ.

೧೯೭೨ರಲ್ಲಿ ಅವರು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಗೆ ಜವಾನರಾಗಿ ಸೇರಿದರು. ಕೆಂಪು ಬಟ್ಟೆಯಲ್ಲಿ ಕಟ್ಟಿದ ಕಡತದ ಗಂಟುಗಳನ್ನು ಅಟ್ಟದಿಂದ ಇಳಿಸುವುದು, ಮತ್ತೆ ಏರಿಸುವುದು ಅವರ ಕೆಲಸ. ಗಂಟು ಇಳಿಸುವವನು ಗಂಟು ಬಿಚ್ಚುವಂತಿರಲಿಲ್ಲ. ಅದಕ್ಕೆ ಬೇರೆ ಜಾತಿಯ, ಬೇರೆ ಹುದ್ದೆಯ ಜನರಿದ್ದರು. ಆ ಜನರು ಚಹಾಕ್ಕೆ ಹೋಗುತ್ತಿದ್ದರು. ಹನ್ನೊಂದರಿಂದ ಹನ್ನೊಂದೂವರೆ, ಮೂರರಿಂದ ನಾಲ್ಕು. ಈ ಒಂದೂವರೆ ಗಂಟೆಯಲ್ಲಿ, ದಿನದಿನವೂ, ಮುನಿಗಂಗಪ್ಪ ಹಳೆಯ ಶ್ಯಾನುಭೋಗರ ಕೈಬರಹ ಓದುವುದನ್ನು ಕಲಿತರು. ಹತ್ತು ವರ್ಷ ಕಳೆಯುವಷ್ಟರಲ್ಲಿ ಬಿಚ್ಚುವವರು ಗಂಟು ಬಿಚ್ಚಿ, ಓದಲು ಬಾರದೆ, ಇಳಿಸಿದವನನ್ನೇ ಕೂಗಿ ಕರೆಯುವಂತಾಯಿತು. ಪರೀಕ್ಷೆ ಕಟ್ಟಿ ಗುಮಾಸ್ತರಾದರು, ಮುಂದೆ ದಾಖಲೆಪಾಲಕರಾದರು. ೨೦೧೧ರ ಜೂನ್ ೩೦ರಂದು ನಿವೃತ್ತರಾದರು. ಡಿಸೆಂಬರಿನಲ್ಲಿ ಹುಟ್ಟಿದ್ದರೂ.

೧೯೮೬ರ ಪ್ರಸಂಗವೊಂದನ್ನು ಹೇಳದೆ ಮುಂದೆ ಹೋದರೆ ಉಳಿದದ್ದು ಅರ್ಥವಾಗದು. ನಮ್ಮ ತಾಲ್ಲೂಕಿನ ಒಬ್ಬ ಹೆಂಗಸು, ತಾನು ಹನ್ನೆರಡು ವರ್ಷ ಉತ್ತ ಎರಡೆಕರೆ ತನ್ನ ಸಾಗುವಳಿಯಲ್ಲಿದೆಯೆಂದು ಅರ್ಜಿ ಹಾಕಿದ್ದರು. ಪಹಣಿಯಲ್ಲಿ ಹನ್ನೆರಡು ವರ್ಷವೂ ಜಮೀನುದಾರನ ಹೆಸರೇ ಇತ್ತು. ಮುನಿಗಂಗಪ್ಪ ಆ ಪುಟಗಳನ್ನು ಬೆಳಕಿಗೆ ಹಿಡಿದು ನೋಡಿ ಒಂದು ಟಿಪ್ಪಣಿ ಬರೆದರು: ಹನ್ನೆರಡು ವರ್ಷದ ನಮೂದಿಗೂ ಶಾಯಿ ಒಂದೇ, ನಿಬ್ಬಿನ ಸೀಳು ಒಂದೇ, ಬರೆದವನು ಹೊಲಕ್ಕೆ ಹೋಗದೆ, ಬೆಳೆಯ ಕಾಲಂನಲ್ಲಿ ಮೊದಲು "ರಾಗಿ", ಆಮೇಲೆ "ಹಿಂದಿನಂತೆ", "ಹಿಂದಿನಂತೆ" ಎಂದು ಒಂದೇ ಕೂತಲ್ಲಿ ತುಂಬಿದ್ದಾನೆ. ಆಗ ನಾನು ಅದೇ ಕಚೇರಿಯಲ್ಲಿ ಶಿರಸ್ತೇದಾರ. ಟಿಪ್ಪಣಿಯ ಮೇಲೆ "ಕಂಡಿದೆ" ಎಂದು ಬರೆದು, ಕಿರುಸಹಿ ಹಾಕಿ, ಮೇಲಕ್ಕೆ ಕಳಿಸಿದೆ. ಮೇಲಿನವರು ಟಿಪ್ಪಣಿಯನ್ನು ಕಡತದಿಂದ ತೆಗೆಸಿ, ಟಿಪ್ಪಣಿ ಬರೆದವರನ್ನು ಬೇರೆ ತಾಲ್ಲೂಕಿಗೆ ವರ್ಗ ಮಾಡಿದರು. ಪಹಣಿ ತಿದ್ದಲಿಲ್ಲ. ಆಕೆ ೧೯೯೧ರಲ್ಲಿ ತೀರಿಕೊಂಡರು. ಮುನಿಗಂಗಪ್ಪ ಈ ವಿಷಯವನ್ನು ನನ್ನೊಡನೆ ಎತ್ತಿದ್ದು ಒಂದೇ ಸಲ, ನಿವೃತ್ತಿಯ ದಿನ. "ಮೂವತ್ತೊಂಬತ್ತು ವರ್ಷ ದಾಖಲೆ ಕಾಯ್ದೆ ಸಾರ್. ಒಂದು ಸುಳ್ಳೂ ತಿದ್ದಕ್ಕಾಗಲಿಲ್ಲ. ಒಂದಾದ್ರೂ ತಿದ್ದಿ ಹೋಗ್ಬೇಕು," ಎಂದರು. ನಾನು ಹಾರ ಹಾಕಿಸಿಕೊಂಡವರ ಮಾತೆಂದು ಅದನ್ನು ಅಲ್ಲಿಗೇ ಬಿಟ್ಟೆ.

ಇನ್ನು ನೌಕೆಯ ವಿಚಾರ.

ಅವರ ಮಗಳು ತನುಜ ಚಿಂತಾಮಣಿಯ ಕಾಲೇಜೊಂದರಲ್ಲಿ ಇಂಗ್ಲಿಷ್ ಉಪನ್ಯಾಸಕಿ. ಇಂಗ್ಲೆಂಡಿನ ದಾಖಲೆ ಸಂಘವೊಂದು ತಮ್ಮ ಹಳೆಯ ಯುದ್ಧನೌಕೆಗಳ ದಿನಚರಿಗಳನ್ನು ಛಾಯಾಚಿತ್ರ ತೆಗೆದು ಅಂತರ್ಜಾಲಕ್ಕೆ ಹಾಕಿದೆಯೆಂದೂ, ಕೈಬರಹ ಓದಬಲ್ಲವರು ಯಾವ ದೇಶದವರಾದರೂ ಸರಿ, ಉಚಿತವಾಗಿ ಓದಿ ಬೆರಳಚ್ಚು ಮಾಡಿಕೊಡಬಹುದೆಂದೂ ೨೦೧೮ರ ಫೆಬ್ರವರಿಯಲ್ಲಿ ಆಕೆ ತಂದೆಗೆ ತಿಳಿಸಿದರು. ಎರಡು ಶತಮಾನ ನಮ್ಮವರಿಂದ ಬಿಟ್ಟಿ ಕೆಲಸ ಮಾಡಿಸಿಕೊಂಡವರು ಆ ಅಭ್ಯಾಸವನ್ನು ಇನ್ನೂ ಬಿಟ್ಟಿಲ್ಲವೆಂದು ನಾನು ಹೇಳಿದೆ. ಮುನಿಗಂಗಪ್ಪ ಕೇಳಲಿಲ್ಲ. ಹೆಂಡತಿ ಆಂಜಿನಮ್ಮನವರು ರೇಷ್ಮೆಹುಳು ಸಾಕುವುದನ್ನು ಬಿಟ್ಟ ಮೇಲೆ ಖಾಲಿಯಾಗಿದ್ದ ಕೋಣೆಯಲ್ಲಿ ಮೇಜು ಹಾಕಿ ಕುಳಿತರು. ಆರು ವರ್ಷಗಳಲ್ಲಿ ಒಂದು ಸಾವಿರದ ಒಂಬೈನೂರ ಹನ್ನೆರಡು ಪುಟ ಓದಿದರು. ಎಲ್ಲವೂ ಒಂದೇ ನೌಕೆಯವು.

ಆ ನೌಕೆಯ ಹೆಸರು "ಡ್ಯಾಬ್‌ಚಿಕ್". ನಮ್ಮ ಕೆರೆಗಳಲ್ಲಿ ಪುಳಕ್ಕನೆ ಮುಳುಗಿ ಇನ್ನೆಲ್ಲೋ ಏಳುವ ಗುಳುಮುಳುಕ ಹಕ್ಕಿಗೆ ಇಂಗ್ಲಿಷರು ಇಟ್ಟ ಹೆಸರು ಅದು. ಉದ್ದ ತೊಂಬತ್ತಾರು ಅಡಿ. ಮೂರು ಹಾಯಿಕಂಬ, ಹದಿನಾಲ್ಕು ಫಿರಂಗಿ, ನೂರ ಇಪ್ಪತ್ತೈದು ಜನ. ಇಂಥದ್ದನ್ನು ಸ್ಲೂಪ್ ಎನ್ನುತ್ತಾರೆ. ಕಂದಾಯ ಇಲಾಖೆಯವರಿಗೆ ಅರ್ಥವಾಗುವಂತೆ ಹೇಳುವುದಾದರೆ ಜಿಲ್ಲಾಧಿಕಾರಿಯೂ ಅಲ್ಲ, ತಹಸೀಲ್ದಾರನೂ ಅಲ್ಲ, ಶಿರಸ್ತೇದಾರ. ಕೆಲಸವೆಲ್ಲ ಇದರದು, ಕೀರ್ತಿ ದೊಡ್ಡ ಹಡಗುಗಳದು.

ಇಪ್ಪತ್ತೊಂದು ವರ್ಷದ ಸೇವೆಯಲ್ಲಿ ಇದು ಹೆಚ್ಚಿನ ಕಾಲ ಮಾಡಿದ್ದು ವ್ಯಾಪಾರದ ಹಡಗುಗಳ ಹಿಂದೆ ಮುಂದೆ ಕಾವಲು ಓಡಾಡುವುದು. ಶತ್ರುಗಳದೆಂದು ಹಿಡಿದದ್ದು ಎರಡು ಹಡಗು. ಒಂದರಲ್ಲಿ ಉಪ್ಪುಮೀನು, ಇನ್ನೊಂದರಲ್ಲಿ ಈರುಳ್ಳಿ. ಈರುಳ್ಳಿಯದು ತಮ್ಮ ದೇಶದ್ದೇ ಎಂದು ಆಮೇಲೆ ತಿಳಿದು, ಕ್ಷಮೆ ಕೇಳಿ ಬಿಟ್ಟುಕೊಟ್ಟರು. ೧೭೮೧ರಲ್ಲಿ ಬಂಗಾಳ ಕೊಲ್ಲಿಗೆ ಬಂದಿತು. ೧೭೮೪ರಲ್ಲಿ ತಿರುಗಿ ಹೋಗಿ, ಇಂಗ್ಲೆಂಡಿನ ಬಂದರಿನಲ್ಲಿ ಹಾಯಿಕಂಬ ಬಿಚ್ಚಿಸಿಕೊಂಡು ಒಂಬತ್ತು ವರ್ಷ ನಿಂತಿತ್ತು. ಕಡೆಗಾಲದಲ್ಲಿ ನಾಲ್ಕು ವರ್ಷ ಮತ್ತೆ ಕಾವಲು ತಿರುಗಿ ಸೌದೆಯಾಯಿತು.

ಈ ಬಡ ಚರಿತ್ರೆಯಲ್ಲಿ ಹೊಳೆಯುವ ಪುಟ ಒಂದೇ. ೧೭೮೨ರ ನವೆಂಬರ್ ೧೨ರಿಂದ ೨೧ರವರೆಗೆ ಹತ್ತು ದಿನ, ಕ್ಯಾಪ್ಟನ್ ಆರ್ಕಿಬಾಲ್ಡ್ ಸ್ಟೋಕ್ಸ್ ಎಂಬಾತ ತನಗಿಂತ ದೊಡ್ಡದಾದ ಫ್ರೆಂಚ್ ನೌಕೆಯೊಂದನ್ನು ಕೊಲ್ಲಿಯ ಉದ್ದಗಲಕ್ಕೆ ಅಟ್ಟಾಡಿಸಿ, ಗುಂಡು ಹಾರಿಸಿ ಓಡಿಸಿದನಂತೆ. ಈ ಪರಾಕ್ರಮಕ್ಕೆ ಆತನಿಗೆ ಬಡ್ತಿ ದೊರೆಯಿತು. ನಡುವೆ ೧೯ರಂದು ನೀರಿಗಾಗಿ ದಡಕ್ಕೆ ದೋಣಿ ಕಳಿಸಿದಾಗ, ಹಾಯಿ ಹೊಲಿಯುವ ವಿಲಿಯಂ ಟ್ರೆಂಟ್ ಎಂಬವನು ಯುದ್ಧಕ್ಕೆ ಹೆದರಿ ತಪ್ಪಿಸಿಕೊಂಡು ಹೋದನೆಂದು ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ "ಆರ್" ಎಂಬ ಅಕ್ಷರ ಬಿದ್ದಿದೆ. ಆರ್ ಎಂದರೆ ಓಡಿಹೋದವನು. ಸತ್ತವರಿಗಾದರೆ ಎರಡು "ಡಿ" ಬರೆಯುತ್ತಿದ್ದರು. ಸಂಘದ ಜಾಲತಾಣದಲ್ಲಿ ನೌಕೆಯ ಚರಿತ್ರೆಯನ್ನು ಬರೆದಿದ್ದ ನಿವೃತ್ತ ಇಂಗ್ಲಿಷ್ ಅಧಿಕಾರಿಯೊಬ್ಬರು ಸ್ಟೋಕ್ಸನ ಧೈರ್ಯಕ್ಕೆ ಎರಡು ಪುಟ, ಟ್ರೆಂಟನ ಹೇಡಿತನಕ್ಕೆ ಒಂದು ವಾಕ್ಯ ಕೊಟ್ಟಿದ್ದರು.

ಆ ಹತ್ತು ದಿನದ ಪುಟಗಳು ಮುನಿಗಂಗಪ್ಪನವರ ಪರದೆಯ ಮೇಲೆ ಬಂದದ್ದು ೨೦೨೩ರ ಆಗಸ್ಟಿನಲ್ಲಿ. ನನ್ನನ್ನು ಕರೆಸಿ ತೋರಿಸಿದರು. ಬೇರೆ ದಿನಗಳ ಪುಟಗಳಲ್ಲಿ ಹಡಗಿನ ಓಲಾಟಕ್ಕೆ ಸಾಲು ಏರುತ್ತದೆ, ಇಳಿಯುತ್ತದೆ. ಒಂದು ದಿನ ಶಾಯಿ ನೀರಾಗಿದೆ, ಇನ್ನೊಂದು ದಿನ ಗರಿಯ ಮೊನೆ ಹೊಸತು. ಈ ಹತ್ತು ದಿನ ಮಾತ್ರ ಅಕ್ಷರ ಮುತ್ತು ಪೋಣಿಸಿದಂತಿದೆ. ಗುಂಡು ಹಾರುತ್ತಿರುವಾಗ ಇಷ್ಟು ದುಂಡಗೆ ಬರೆಯುವ ಮನುಷ್ಯನನ್ನು ನಾನು ಕಂಡಿಲ್ಲ.

"ಪಹಣಿ ಸಾರ್," ಎಂದರು ಮುನಿಗಂಗಪ್ಪ.

ಆದರೆ ಬರಹದ ಚಂದವನ್ನು ಸಾಕ್ಷಿಯೆಂದು ಯಾರೂ ಒಪ್ಪರು, ೧೯೮೬ರಲ್ಲಿ ಒಪ್ಪಿರಲಿಲ್ಲ. ಗಟ್ಟಿ ಸಾಕ್ಷಿ ಸಿಕ್ಕಿದ್ದು ಆಂಜಿನಮ್ಮನವರಿಂದ. ಅವರು ಚಹಾ ತಂದಿಟ್ಟು, ಗಂಡ ಗಟ್ಟಿಯಾಗಿ ಓದುತ್ತಿದ್ದ ಗಾಳಿಯ ಕಾಲಂ ಕೇಳಿಸಿಕೊಳ್ಳುತ್ತ ನಿಂತಿದ್ದರು. ನೈಋತ್ಯದ ಗಾಳಿ, ನೈಋತ್ಯದ ಗಾಳಿ, ಹತ್ತು ದಿನವೂ ನೈಋತ್ಯದ ಗಾಳಿ.

"ಯಾವ ತಿಂಗಳು ಅಂದ್ರಿ?"

"ನವೆಂಬರು. ಕಾರ್ತೀಕ."

"ಕಾರ್ತೀಕದಲ್ಲಿ ಆ ಗಾಳಿ ಎಲ್ಲಿಂದ ತಂದ್ನಂತೆ ನಿಮ್ಮ ದೊರೆ? ಮೂಡಗಡೆ ಕಿಟಕಿಗೆ ಗೋಣಿತಾಟು ಕಟ್ಟೀ ಕಟ್ಟೀ ನನ್ನ ಕೈ ಸವೆದೋಗಿದೆ. ಮದ್ರಾಸ್ ಕಡೆಯಿಂದ ಶೀತ ಬಂತೂಂದ್ರೆ ಚಂದ್ರಿಕೇಲಿ ಹುಳ ಗೂಡೇ ಕಟ್ಟಲ್ಲ. ಅವನು ಹುಳ ಸಾಕಿದ್ದಿದ್ರೆ ಗೊತ್ತಾಗ್ತಿತ್ತು."

ಚಂದ್ರಿಕೆ ಎಂದರೆ ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ದೊಡ್ಡ ತಟ್ಟೆ. ಕಾರ್ತೀಕದಲ್ಲಿ ಈಶಾನ್ಯದ ತೇವ ತಗಲದಂತೆ ಪೂರ್ವದ ಕಿಟಕಿಗಳನ್ನು ಮುಚ್ಚುವುದು ಶಿಡ್ಲಘಟ್ಟದ ಸುತ್ತ ಹುಳು ಸಾಕುವ ಯಾವ ಮನೆಯಲ್ಲಾದರೂ ಕಾಣುವ ಕ್ರಮ. ನೈಋತ್ಯದ ಗಾಳಿ ಜೂನಿನಿಂದ ಸೆಪ್ಟೆಂಬರಿನವರೆಗಿನದು. ಸಮುದ್ರವನ್ನೇ ಕಾಣದ ಹೆಂಗಸು ಚಹಾದ ಲೋಟ ಹಿಡಿದುಕೊಂಡು ಹೇಳಿದ ಈ ಸಂಗತಿಯನ್ನು, ಸಮುದ್ರದ ಮೇಲೆಯೇ ಬದುಕಿದ ಅಧಿಕಾರಿಗಳು ಇನ್ನೂರ ನಲವತ್ತು ವರ್ಷ ಗಮನಿಸಿರಲಿಲ್ಲ.

ಮುನಿಗಂಗಪ್ಪ ಅದೇ ವರ್ಷದ ಜುಲೈ ಪುಟಗಳನ್ನು ತೆಗೆದರು. ಜುಲೈ ೮ರಿಂದ ೧೭ರವರೆಗಿನ ಗಾಳಿ, ಮೋಡ, ಅಲೆ, ಹಾಯಿ ಏರಿಸಿದ ಹೊತ್ತು, ಒಂದು ಅಲ್ಪವಿರಾಮವೂ ಬಿಡದೆ ನವೆಂಬರಿನ ಹತ್ತು ದಿನಗಳಲ್ಲಿ ಕೂತಿತ್ತು. ಹಿಂದಿನಂತೆ! ಸ್ಟೋಕ್ಸ್ ಸಾಹೇಬ ನಮ್ಮ ಪಹಣಿ ಬರೆದವನ ಹಾಗೆ ಹಳೆಯ ಪುಟ ನೋಡಿ ಹೊಸ ಪುಟ ತುಂಬಿ, ನಡುವೆ ಒಂದು ಫ್ರೆಂಚ್ ನೌಕೆಯನ್ನು ಸೇರಿಸಿದ್ದ. ನಮ್ಮವನು ಸೇರಿಸಿದ್ದು ಬರಿಯ ರಾಗಿ.

ಹಾಗಾದರೆ ಆ ಹತ್ತು ದಿನ ನೌಕೆ ಎಲ್ಲಿತ್ತು? ಅದೇ ಕಂತೆಯ ಕೊನೆಯಲ್ಲಿ ನಲವತ್ತು ಪುಟದ ಒಂದು ಪುಸ್ತಕವಿತ್ತು. ಅಕ್ಷರ ಇರುವೆ ಸಾಲು ಚೆದುರಿದಂತಿದ್ದುದರಿಂದ ಯಾರೂ ಓದಿರಲಿಲ್ಲ. ಸೂಚಿಯಲ್ಲಿ ಹೆಸರೂ ಇರಲಿಲ್ಲ. ಅದು ನೌಕೆಯ ವೈದ್ಯನ ಪುಸ್ತಕ. ಶ್ಯಾನುಭೋಗರನ್ನು ಓದಿದ ಕಣ್ಣಿಗೆ ವೈದ್ಯರು ಯಾವ ಲೆಕ್ಕ? ಏಳು ತಿಂಗಳು ಹಿಡಿಯಿತು. ೨೦೨೪ರ ಮಾರ್ಚಿನಲ್ಲಿ ಬೇಕಾದ ಸಾಲು ದೊರೆಯಿತು: ನವೆಂಬರ್ ೧೪, ಡೆನ್ಮಾರ್ಕಿನವರ ಬಂದರಿನ ಎದುರು ಲಂಗರು ಹಾಕಿ ಮೂರನೆಯ ದಿನ, ಕ್ಯಾಪ್ಟನ್ ದಡದಲ್ಲಿ, ಬಟ್ಟೆ ವ್ಯಾಪಾರಿಯ ಮನೆಯಲ್ಲಿ, ಹಾಯಿ ಹೊಲಿಯುವ ಟ್ರೆಂಟ್ ರಕ್ತಭೇದಿಯಿಂದ ಬೆಳಗಿನ ಆರಕ್ಕೆ ತೀರಿಕೊಂಡ.

ಸತ್ತನೆಂದು ಬರೆದರೆ ಎಲ್ಲಿ, ಯಾವ ದಿನ ಎಂಬುದನ್ನು ಬರೆಯಬೇಕಾಗುತ್ತದೆ. ಬರೆದರೆ ನೌಕೆ ಯುದ್ಧದಲ್ಲಿರದೆ ಕ್ಯಾಪ್ಟನ್ನನ ಸ್ವಂತ ವ್ಯಾಪಾರಕ್ಕೆ ಬಟ್ಟೆ ತುಂಬಿಸಿಕೊಳ್ಳುತ್ತಿತ್ತೆಂದು ಬಯಲಾಗುತ್ತದೆ. ಓಡಿಹೋದವನಿಗೆ ಆ ತೊಂದರೆಯಿಲ್ಲ. ಆದ್ದರಿಂದ ಸತ್ತವನು, ಸತ್ತ ಐದು ದಿನದ ಮೇಲೆ, ಎದ್ದು ಓಡಿಹೋದ.

ಆ ದಿನದಿಂದ ಮುನಿಗಂಗಪ್ಪನವರಿಗೆ ಬೇರೆ ಧ್ಯಾನವಿರಲಿಲ್ಲ. ಸ್ಟೋಕ್ಸನ ಬಡ್ತಿ ರದ್ದಾಗಬೇಕೆಂದು ಅವರು ಕೇಳಲಿಲ್ಲ. ಟ್ರೆಂಟನ ಹೆಸರಿನ ಮುಂದಿನ ಆರ್ ಹೋಗಿ ಎರಡು ಡಿ ಬರಬೇಕು; ಅಷ್ಟೇ. "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ" ಎಂದು ಆರಂಭವಾಗುವ ಹನ್ನೊಂದು ಪುಟದ ಅರ್ಜಿಯನ್ನು ಕಚೇರಿಯ ಇಂಗ್ಲಿಷಿನಲ್ಲಿ ಬರೆದರು. ಮಗಳು ಭಾಷೆಯನ್ನು ಸ್ವಲ್ಪ ಸಡಿಲಿಸುತ್ತೇನೆಂದದ್ದಕ್ಕೆ ಒಪ್ಪಲಿಲ್ಲ.

ಸಂಘದ ಪರಿಶೀಲಕಿ, ಶ್ರೀಮತಿ ವಿನಿಫ್ರೆಡ್ ಲೋವ್ ಎಂಬವರು, ಸೌಜನ್ಯದಿಂದಲೇ ಉತ್ತರಿಸಿದರು. ಸ್ವಯಂಸೇವಕರು ಅಕ್ಷರಗಳನ್ನು ಓದಬಹುದು. ಚರಿತ್ರೆಯನ್ನು ತಿದ್ದಲು ನಿಯಮವಿಲ್ಲ. ಆದರೂ ಅರ್ಜಿದಾರರನ್ನು ಬಲ್ಲ ವಿದ್ವತ್ ಸಂಸ್ಥೆಯೊಂದರ ಪರಿಚಯಪತ್ರ ಬಂದರೆ ಸಮಿತಿಯ ಮುಂದಿಡುತ್ತೇನೆ ಎಂದು ಬರೆದಿದ್ದರು. ಓದುಗರು ಗಮನಿಸಬೇಕು. ಸ್ಟೋಕ್ಸನ ಸುಳ್ಳಿಗೆ ಇನ್ನೂರ ನಲವತ್ತು ವರ್ಷ ಯಾರೂ ಪರಿಚಯಪತ್ರ ಕೇಳಿರಲಿಲ್ಲ. ಶಿಡ್ಲಘಟ್ಟದ ನಿಜಕ್ಕೆ ಅದು ಬೇಕಾಯಿತು.

ಪರಿಚಯಪತ್ರಕ್ಕಾಗಿ ಶ್ರೀ ಮೋಹನ್‌ಬಾಬು ಅವರ ಬಳಿಗೆ ಹೋಗೋಣವೆಂದು ಸೂಚಿಸಿದವನು ನಾನೇ, ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ನೂರೈವತ್ತು ಎಕರೆಯ ಹಳೆಯ ಮನೆತನದವರು, ಐವತ್ತರ ಪ್ರಾಯ. ನೋಂದಣಿಯಾದ "ಇತಿಹಾಸ ವೈಭವ ವೇದಿಕೆ"ಗೆ ಅಧ್ಯಕ್ಷರು. ವೇದಿಕೆಯ ಬಳಿ ಎರಡು ಬಣ್ಣದ ಪತ್ರಶೀರ್ಷಿಕೆಯಿದೆ, ಮೊಹರಿದೆ, ಪ್ರತಿ ನವೆಂಬರಿನಲ್ಲಿ ಹೊದಿಸಲು ಶಾಲುಗಳಿವೆ. ಇತಿಹಾಸವೊಂದು ಮಾತ್ರ ಹೊರಗಿನಿಂದ ಬರಬೇಕಾಗುತ್ತದೆ.

ನಾವು ಹೋದಾಗ ಅವರು ಜಗುಲಿಯ ಮೇಲೆ ಕುಳಿತಿದ್ದರು. ನನಗೆ ಕುರ್ಚಿ ತರಿಸಿದರು. ಮುನಿಗಂಗಪ್ಪನವರಿಗೆ ಕಟ್ಟೆ ತೋರಿಸಿದರು. ತಮಗಿಂತ ಇಪ್ಪತ್ತಮೂರು ವರ್ಷ ಹಿರಿಯರನ್ನು ಏಕವಚನದಲ್ಲೇ ಮಾತನಾಡಿಸಿದರು.

"ಏನಪ್ಪಾ ಮುನಿಗಂಗಪ್ಪ, ಅದೇನೋ ಹಡಗಂತೆ? ನಮ್ಮ ನಂದಿ ಬೆಟ್ಟಕ್ಕೂ ಅದಕ್ಕೂ ಏನಾದ್ರೂ ಲಿಂಕ್ ಇದೆಯೇನು?"

"ಇಲ್ಲ ಸಾರ್."

"ಇರ್ಬೇಕಲ್ಲಪ್ಪ. ಬ್ರಿಟಿಷರು ಅಂತೀಯ. ಅದೇ ಟೈಮು ಅಂತೀಯ. ನಂದಿ ಮುತ್ತಿಗೆ ಹಾಕಿದ್ದೂ ಅವರೇ ಅಲ್ವಾ?"

"ಅದು ಹಡಗು ಸಾರ್," ಎಂದರು ಮುನಿಗಂಗಪ್ಪ, ಬಹಳ ಮರ್ಯಾದೆಯಿಂದ. "ಇದು ಬೆಟ್ಟ."

ಮೋಹನ್‌ಬಾಬು ನಕ್ಕು, ಎಲ್ಲವನ್ನೂ ತಾವು ನೋಡಿಕೊಳ್ಳುವುದಾಗಿ ಹೇಳಿ ಕಳಿಸಿದರು. ಮೂರು ವಾರಗಳ ನಂತರ ಪತ್ರ ಬಂದಿತು. ನುಣುಪು ಕಾಗದ, ಮೊಹರು, ಸಹಿ. ಅದರ ಪ್ರಕಾರ ಮುನಿಗಂಗಪ್ಪನವರು ಡಾಕ್ಟರೇಟ್ ಪಡೆದ ಪ್ರಾಧ್ಯಾಪಕರು. ವೇದಿಕೆಯ ನೌಕಾ ಸಂಶೋಧನಾ ವಿಭಾಗದ ಮುಖ್ಯಸ್ಥರು. ಅವರ ಮುತ್ತಾತ ನೌಕಾದಳದಲ್ಲಿದ್ದವರು. ಡ್ಯಾಬ್‌ಚಿಕ್ ನೌಕೆಯು ೧೭೯೧ರ ನಂದಿದುರ್ಗದ ಮುತ್ತಿಗೆಯಲ್ಲಿ ಫಿರಂಗಿ ಹಾರಿಸಿ ಪ್ರಸಿದ್ಧವಾದದ್ದು. ನಂದಿ ಬೆಟ್ಟ ಸಮುದ್ರಮಟ್ಟದಿಂದ ನಾಲ್ಕು ಸಾವಿರದ ಎಂಟುನೂರು ಅಡಿಗೂ ಎತ್ತರದಲ್ಲಿದೆ. ನೇರ ಗೆರೆ ಎಳೆದರೆ ಸಮುದ್ರ ಇಲ್ಲಿಂದ ಸುಮಾರು ಇನ್ನೂರೆಪ್ಪತ್ತು ಕಿಲೋಮೀಟರ್. ಆ ವರ್ಷ ನೌಕೆ ಇಂಗ್ಲೆಂಡಿನಲ್ಲಿ, ಮೊದಲೇ ಹೇಳಿದಂತೆ, ಕಂಬವಿಲ್ಲದೆ ನಿಂತಿತ್ತು. ಇವೆಲ್ಲ ವೇದಿಕೆಯ ವೈಭವಕ್ಕೆ ಅಡ್ಡಬರಲಿಲ್ಲ.

ಮುನಿಗಂಗಪ್ಪ ಪತ್ರವನ್ನು ಹಿಂದಕ್ಕೆ ಒಯ್ದು, ಈ ನಾಲ್ಕು ಅಂಶಗಳನ್ನು ತೆಗೆದು ಬೇರೆ ಬರೆದುಕೊಡಬೇಕೆಂದು ಕೇಳಿದರು. ಮೋಹನ್‌ಬಾಬು ಅವರಿಗೆ ಅದು ಉಪಕಾರ ಮರೆತ ಮಾತಿನಂತೆ ಕೇಳಿಸಿತು. ಇಂಗ್ಲೆಂಡಿನವರಿಗೆ ನಂದಿ ಬೆಟ್ಟ ಎಲ್ಲಿದೆಯೆಂದು ಏನು ಗೊತ್ತು ಎಂದರು. ನಮಗೆ ಗೊತ್ತಲ್ಲ ಎಂದರು ಮುನಿಗಂಗಪ್ಪ. ಪತ್ರ ಬೇಕಿದ್ದರೆ ಹೀಗೇ, ಬೇಡವಾದರೆ ಬಿಡು. ನವೆಂಬರಿನ ಸನ್ಮಾನದ ಪಟ್ಟಿಯಲ್ಲಿ ಹೆಸರು ಹೇಗೂ ಸೇರಿಸಿಯಾಗಿದೆ ಎಂದು ಮೋಹನ್‌ಬಾಬು ಎದ್ದು ಒಳಗೆ ಹೋದರು. ಬೇರೆ ಸಂಸ್ಥೆಗಳಿಗೂ ಬರೆದು ನೋಡಿದೆವು. ಎರಡರಿಂದ ಉತ್ತರವಿಲ್ಲ. ಮೂರನೆಯದು, ಪದವಿ ಪ್ರಮಾಣಪತ್ರದ ದೃಢೀಕೃತ ಪ್ರತಿ ಲಗತ್ತಿಸಲು ತಿಳಿಸಿತು. ಮುನಿಗಂಗಪ್ಪನವರ ವಿದ್ಯಾಭ್ಯಾಸ ಎಸ್ಸೆಸ್ಸೆಲ್ಸಿ. ಇಂಗ್ಲೆಂಡಿನ ಸಮಿತಿ ಸೇರುವ ದಿನ ಹತ್ತಿರ ಬರುತ್ತಿತ್ತು. ತಪ್ಪಿದರೆ ಮತ್ತೆ ಮೂರು ವರ್ಷ. ಅವರಿಗೆ ಸಕ್ಕರೆ ಕಾಯಿಲೆ, ಒಂದು ಕಣ್ಣಿನ ಪೊರೆ ಆಗಲೇ ತೆಗೆಸಿದ್ದರು. ಮೂರು ವರ್ಷವೆಂಬುದು ಸಣ್ಣ ಮಾತಾಗಿರಲಿಲ್ಲ.

ನಾನು ಅವರ ಮನೆಗೆ ಹೋಗಿ ಬುದ್ಧಿ ಹೇಳಿದೆ. ಪತ್ರವನ್ನು ಇದ್ದಂತೆಯೇ ಕಳಿಸಿಬಿಡಿ. ಸುಳ್ಳು ಬರೆದವರು ನೀವಲ್ಲ, ಸಹಿ ನಿಮ್ಮದಲ್ಲ. ಒಬ್ಬ ಸತ್ತವನ ಮೇಲಿನ ಕಳಂಕ ತೊಳೆಯಲು ನಾಲ್ಕು ಸುಳ್ಳು ಹೆಚ್ಚಲ್ಲ ಎಂದೆ. ಈಗ ನೆನೆದರೆ, ಮೂವತ್ತೆಂಟು ವರ್ಷದ ನಂತರ ಎರಡನೆಯ ಸಲ "ಕಂಡಿದೆ" ಎಂದು ಬರೆದಂತಾಯಿತು.

ಮುನಿಗಂಗಪ್ಪ ಪತ್ರವನ್ನು ಮಡಿಸಿ ಮೇಜಿನ ಮೇಲಿಟ್ಟರು.

"ಆ ಕ್ಯಾಪ್ಟನ್ನೂ ಹಿಂಗೇ ಅಂದ್ಕೊಂಡಿರ್ತಾನೆ ಸಾರ್," ಎಂದರು. "ಸತ್ತೋನಿಗೇನು ನಷ್ಟ, ಒಂದಕ್ಷರ ತಾನೆ, ಅಂತ."

ಹಾಗಾದರೆ ಪತ್ರದಲ್ಲಿ ಸುಳ್ಳಿರುವ ಕಡೆ ಗೆರೆ ಎಳೆದು ಕಳಿಸಿ ಎಂದೆ. ಅದಕ್ಕೂ ಒಪ್ಪಲಿಲ್ಲ, ಇನ್ನೊಬ್ಬರ ಸಹಿಯಿರುವ ಕಾಗದದಲ್ಲಿ ಗೆರೆ ಎಳೆಯುವುದು ದಾಖಲೆ ತಿದ್ದಿದ ಅಪರಾಧ. ನಿಯಮ ಅವರು ಹೇಳಿದಂತೆಯೇ ಇದೆ, ನಾನು ಮರೆತಿದ್ದೆ. ಕೊನೆಗೆ ಅವರು ಮಾಡಿದ್ದು ಇದು. ಪತ್ರಕ್ಕೆ ಒಂದು ಚುಕ್ಕೆಯೂ ಇಡದೆ ಪ್ರತಿ ತೆಗೆದರು. ಪ್ರತ್ಯೇಕ ಹಾಳೆಯಲ್ಲಿ, ಕಚೇರಿಯಲ್ಲಿ ನಾವು ಬರೆಯುತ್ತಿದ್ದ ಕ್ರಮದಲ್ಲೇ, ಒಂದು ಷರಾ ಬರೆದರು: "ಲಗತ್ತಿಸಿರುವ ಪರಿಚಯಪತ್ರವನ್ನು ಪರಿಶೀಲಿಸಲಾಗಿದೆ. ಇದರಲ್ಲಿ ಅರ್ಜಿದಾರನ ಹೆಸರು ಮತ್ತು ಊರು ಸರಿಯಾಗಿವೆ. ಉಳಿದ ವಿವರಗಳಿಗೆ ಆಧಾರವಿಲ್ಲ. ಅರ್ಜಿದಾರನು ಡಾಕ್ಟರನಲ್ಲ, ಪ್ರಾಧ್ಯಾಪಕನಲ್ಲ. ಅವನ ಮುತ್ತಾತನು ಜೀತದಲ್ಲಿದ್ದನು, ನೌಕಾದಳದಲ್ಲಿ ಅಲ್ಲ. ನಂದಿ ಬೆಟ್ಟಕ್ಕೆ ಸಮುದ್ರವಿಲ್ಲ. ಬೇರೆ ಪತ್ರ ದೊರೆಯದ ಕಾರಣ ಇದನ್ನೇ ಸಲ್ಲಿಸಿದೆ." ಕೆಳಗೆ ಸಹಿ, ತಾರೀಖು, ಸ್ಥಳ.

ಇದನ್ನು ಕಳಿಸಿದರೆ ಅರ್ಜಿ ಕಸದಬುಟ್ಟಿಗೆ ಹೋಗುವುದು ಖಂಡಿತವೆಂದು ನಾನು ತಿಳಿಸಿದೆ. ಅವರಿಗೂ ಅದು ಗೊತ್ತಿತ್ತು. ಆದರೂ ಗುಂಡಿ ಒತ್ತಿ ಕಳಿಸಿದರು. ಅಂದು ಅಕ್ಟೋಬರ್ ೧೪, ಸೋಮವಾರ, ಬೆಳಿಗ್ಗೆ ಹತ್ತೂ ಇಪ್ಪತ್ತು.

ಸುಮಾರು ಆರು ವಾರ ಏನೂ ಬರಲಿಲ್ಲ. ಇತ್ತ ಊರಿನಲ್ಲಿ ಬಸ್ ನಿಲ್ದಾಣದ ಎದುರು ಹದಿನೈದು ಅಡಿಯ ಫ್ಲೆಕ್ಸ್ ಎದ್ದಿತು. ಅದರಲ್ಲಿ ಮುನಿಗಂಗಪ್ಪನವರ ಮುಖದ ಹಿಂದೆ ಉಗಿಹಡಗೊಂದು ಹೊಗೆ ಬಿಡುತ್ತಿತ್ತು. ಹೆಸರಿನ ಮುಂದೆ "ಕ್ಯಾಪ್ಟನ್" ಎಂದಿತ್ತು. ಇವರು ಹೋಗಿ ಆಕ್ಷೇಪಿಸಿದರು. ಕಾರ್ಯಕರ್ತರು ತಿದ್ದುವುದಾಗಿ ಮಾತು ಕೊಟ್ಟು, ಮರುದಿನ "ಕ್ಯಾಪ್ಟನ್" ಮೇಲೆ ಒಂದು ಚೀಟಿ ಅಂಟಿಸಿದರು. ಚೀಟಿಯಲ್ಲಿ "ನಿವೃತ್ತ ಕ್ಯಾಪ್ಟನ್" ಎಂದಿತ್ತು. ಫ್ಲೆಕ್ಸ್ ಸರಿಯಾಗದೆ ಸಮಾರಂಭಕ್ಕೆ ಬರುವುದಿಲ್ಲವೆಂದು ಮುನಿಗಂಗಪ್ಪ ಬರವಣಿಗೆಯಲ್ಲಿ ತಿಳಿಸಿ, ಸ್ವೀಕೃತಿ ಸಹಿ ಪಡೆದರು. ಸಹಿಯ ಮೂಲ ನನ್ನ ಬಳಿಯಿದೆ.

ಉತ್ತರ ಬಂದದ್ದು ನವೆಂಬರ್ ೨೪ರ ಭಾನುವಾರ, ಬೆಳಿಗ್ಗೆ. ನಾನು ಅಲ್ಲಿಯೇ ಇದ್ದೆ. ತನುಜ ಗಟ್ಟಿಯಾಗಿ ಓದಿದರು. ಪರಿಚಯಪತ್ರಗಳನ್ನು ಹತ್ತೊಂಬತ್ತು ವರ್ಷದಿಂದ ಓದುತ್ತಿದ್ದೇನೆ, ತನ್ನನ್ನು ಹೊಗಳಿದ್ದು ಸುಳ್ಳೆಂದು ದೃಢೀಕರಿಸಿ ಕಳಿಸಿದವರು ನೀವೊಬ್ಬರೇ ಎಂದು ಶ್ರೀಮತಿ ಲೋವ್ ಬರೆದಿದ್ದರು. ಸಮಿತಿಯವರು ಪತ್ರವನ್ನು ಬದಿಗಿಟ್ಟು, ಆ ಒಂದು ಹಾಳೆ ಬರೆದವನ ಹನ್ನೊಂದು ಪುಟವನ್ನು ಓದಲು ಒಪ್ಪಿದರಂತೆ. ಜುಲೈ ಮತ್ತು ನವೆಂಬರಿನ ಪುಟಗಳನ್ನು ಅಕ್ಕಪಕ್ಕ ಇಟ್ಟು ನೋಡಿದರಂತೆ. ಆ ಹತ್ತು ದಿನಗಳ ದಿನಚರಿ ನಂಬಲರ್ಹವಲ್ಲವೆಂದು ಷರಾ ಸೇರಿಸಲಾಗಿದೆ. ವಿಲಿಯಂ ಟ್ರೆಂಟ್, ಹಾಯಿ ಹೊಲಿಯುವವನು: ಆರ್ ರದ್ದು, ಡಿ ಡಿ, ೧೪ ನವೆಂಬರ್ ೧೭೮೨. ಆಧಾರ: ಎಂ. ಮುನಿಗಂಗಪ್ಪ, ಶಿಡ್ಲಘಟ್ಟ. ಗಾಳಿಯ ವಿಷಯದಲ್ಲಿ ಆಧಾರ: ಆಂಜಿನಮ್ಮ, ರೇಷ್ಮೆ ಸಾಕಣೆಗಾರರು.

ಮುನಿಗಂಗಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ಆಂಜಿನಮ್ಮನವರು, ಇದನ್ನು ಆ ಟ್ರೆಂಟನ ಮನೆಯವರಿಗೆ ತಿಳಿಸುವವರು ಯಾರು ಎಂದು ಕೇಳಿದರು. ಅವನ ಮನೆಯವರು ಯಾರೂ ಉಳಿದಿಲ್ಲವೆಂದು ಗಂಡ ಹೇಳಿದ್ದಕ್ಕೆ, "ಹಂಗಾದ್ರೆ ನಾವೇ ತಿಳ್ಕೊಂಡ್ವಲ್ಲ, ಬಿಡಿ," ಎಂದು ಅಡುಗೆಗೆ ಎದ್ದರು. ನನಗೂ ಅಲ್ಲೇ ಊಟ: ಮುದ್ದೆ, ಅವರೆಕಾಳಿನ ಸಾರು.

ಅದೇ ಹೊತ್ತಿನಲ್ಲಿ ಸಮಾರಂಭವೂ ನಡೆಯಿತು. ಸನ್ಮಾನಿತರ ಕುರ್ಚಿ ಖಾಲಿ ಉಳಿದದ್ದರಿಂದ ಛಾಯಾಚಿತ್ರಕ್ಕಾಗಿ, ಶಾಮಿಯಾನ ಹಾಕಿದ್ದ ಕೋನಪ್ಪನವರನ್ನು ಕೂರಿಸಿ ಶಾಲು ಹೊದಿಸಿದರು. ಪತ್ರಿಕೆಯಲ್ಲಿ ಕಾಣುವ ಮುಖ ಅವರದು. ಅವರು ಭಾವುಕರಾಗಿರುವುದು ನಿಜ. ಆದರೆ ಬಾಕಿ ಉಳಿದ ಕುರ್ಚಿ ಬಾಡಿಗೆ ಸಂಬಂಧವಾಗಿ. ವರದಿಯನ್ನು ಶನಿವಾರವೇ ಬರೆದು ಕಳಿಸಲಾಗಿತ್ತೆಂದು ಆಮೇಲೆ ವಿಚಾರಣೆಯಿಂದ ತಿಳಿಯಿತು. ಸೋಮವಾರ ನಾನು ಪತ್ರಿಕೆ ಒಯ್ದು ಮುನಿಗಂಗಪ್ಪನವರಿಗೆ ಕೊಟ್ಟಾಗ ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು; ಅದು ಅಚ್ಚಾದ ಕಾಗದವೆಂಬುದನ್ನು ಕ್ಷಣ ಮರೆತು.

"ಒಂದೇ ಕೂತಲ್ಲಿ ಬರ್ದವ್ರೆ ಸಾರ್," ಎಂದರು.

ಆದ್ದರಿಂದ, ಮುಂದೆ ಎಂದಾದರೂ ಯಾರಾದರೂ ಗಂಟು ಬಿಚ್ಚಿ ನೋಡುವವರಿಗೆ ಉಪಯೋಗವಾಗಲೆಂದು, ಆ ದಿನದ ನಮೂದನ್ನು ಸರಿಯಾಗಿ ಬರೆದಿಡುತ್ತೇನೆ. ೨೦೨೪ನೆಯ ಇಸವಿ ನವೆಂಬರ್ ೨೪, ಭಾನುವಾರ. ಮುನಿಗಂಗಪ್ಪನವರು ದಿನವಿಡೀ ಮನೆಯಲ್ಲಿದ್ದರು. ಭಾಷಣ ಮಾಡಲಿಲ್ಲ. ಮೂಡಣ ಕಿಟಕಿ ತೆರೆದಿತ್ತು. ಗಾಳಿ ಈಶಾನ್ಯದಿಂದ ಬೀಸುತ್ತಿತ್ತು.